ಹಳೇ ಒಳಚರಂಡಿ ಪೈಪ್ ಬದಲ್ ಮಾಡ್ಸೋದು ಹೆಂಗ: ಮನಿ ಸಂಡಾಸದಿಂದ ರೋಡಿನ ಚೇಂಬರ್ ತನಕ

ಹುಬ್ಬಳ್ಳಿ ಹಳೇ ಓಣಿಗಳಾಗ, ಧಾರವಾಡದಾಗ, ಗದಗ-ಬೆಟಗೇರಿ ಕಡೆ ಮೂವತ್ತು ನಲವತ್ತು ವರ್ಷದ ಹಿಂದ ಕಟ್ಟಿದ ಮನಿ ಇರೋರು ಎಲ್ಲಾರೂ ಕೇಳೋದು ಒಂದ ಪ್ರಶ್ನೆ. ಚೇಂಬರ್ ತುಂಬತೈತ್ರಿ, ಬಿದಿರಿನ ಸೀಳು ಹಾಕಿ ತಿವಿಸ್ತೀವಿ, ಹದಿನೈದು ದಿನ ಚಲೋ ಹೋಗತೈತಿ, ಮತ್ತ ಅದ ಹಾಡು, ಈಗ ಪೈಪ್ ಬದಲ್ ಮಾಡ್ಸೋಣ ಅಂದ್ರ ಗೌಂಡಿ ಒಂದು ಹೇಳ್ತಾನ ಪ್ಲಂಬರ್ ಇನ್ನೊಂದು ಹೇಳ್ತಾನ, ಎಲ್ಲಿಂದ ಶುರು ಮಾಡ್ಬೇಕು ಅಂತ. ಅದಕ್ಕ ಎಲ್ಲಾ ಒಂದ ಕಡೆ ಬರದೀನಿ. ಕೆಲಸಕ್ಕ ಬರೋ ಗೌಂಡಿನ್ನೂ ಕೂಡಿಸ್ಕೊಂಡು ಒಮ್ಮೆ ಓದ್ರಿ.

ಮೊದಲ ಒಂದು ಮಾತು ತಲ್ಯಾಗ ಇಟ್ಕೊಳ್ರಿ. ಜನ ಪೈಪಿನ ಕಂಪನಿ ಯಾವುದು ಅಂತ ತಲಿ ಕೆಡಿಸ್ಕೋತಾರ, ಆದ್ರ ಲೈನ್ ಬಾಳಿಕಿ ಬರೋದು ಇಳಿಜಾರು, ಪೈಪಿನ ಕೆಳಗಿನ ಹಾಸು, ಜಾಯಿಂಟು, ಈ ಮೂರರ ಮ್ಯಾಲ. ಇವು ಮೂರು ತಪ್ಪಿದ್ರ ಎಷ್ಟ ತುಟ್ಟಿ ಪೈಪ್ ತಂದ್ರೂ ಎರಡು ಮಳಿಗಾಲ ಕಳಿಯೂದ್ರಾಗ ಮತ್ತ ಅಗಿಯೋದು ಬರತೈತಿ.

ಹಳೇ ಪೈಪ್ ಯಾಕ ಕೆಡತೈತಿ

ಹಳೇ ಮನಿಗಳಾಗ ಇರೋದು ಬಹಳಷ್ಟು ಸ್ಟೋನ್‌ವೇರ್ ಪೈಪ್, ಅಂದ್ರ ಸುಟ್ಟ ಮಣ್ಣಿನ, ಮ್ಯಾಲ ಕಂದು ಬಣ್ಣದ ಹೊಳಪು ಇರೋ ಪೈಪು. ಪೈಪ್ ಕೆಟ್ಟದ್ದಲ್ಲ, ಆಸಿಡ್ಡಿಗೂ ಜಗ್ಗೋದಿಲ್ಲ, ಆದ್ರ ಒಂದೊಂದು ತುಂಡು ಎರಡ ಅಡಿ ಉದ್ದ. 30 ಅಡಿ ಲೈನಿಗೆ ಹದಿನೈದು ಜಾಯಿಂಟ್ ಆದ್ವು, ಅವೆಲ್ಲಾ ಸಿಮೆಂಟಿನಿಂದ ಕೂಡಿಸಿದ್ದು. ಈಗ ನಮ್ಮ ಎರಿ ಮಣ್ಣಿನ ಗುಣ ನಿಮಗ ಗೊತ್ತೈತಿ, ಬ್ಯಾಸಿಗ್ಯಾಗ ಕೈ ಹೋಗುವಷ್ಟು ಬಿರಿತೈತಿ, ಮಳಿ ಬಿದ್ರ ಉಬ್ಬತೈತಿ. ವರ್ಷಾ ವರ್ಷಾ ಹಿಂಗ ಎತ್ತಿ ಇಳಿಸಿದ್ರ ಬಿರುಸಾದ ಸಿಮೆಂಟ್ ಜಾಯಿಂಟ್ ತಡಿಯೋದಿಲ್ಲ, ಸಣ್ಣಗ ಸೀಳತೈತಿ. ಆ ಸೀಳಿನ್ಯಾಗ ಬೇರು ಒಳಗ ಬರತೈತಿ. ನಮ್ಮ ಓಣ್ಯಾಗ ಒಂದು ಲೈನ್ ತಗದಾಗ ನಾನ ನೋಡೀನಿ, ಬೇವಿನ ಗಿಡ ಹನ್ನೆರಡು ಅಡಿ ದೂರ ಇತ್ತು, ಬೇರು ಜಾಯಿಂಟಿನ್ಯಾಗ ದಾರದಷ್ಟ ಸಪೂರಾಗಿ ಹೊಕ್ಕಿತ್ತು, ಒಳಗ ಹೋದಮ್ಯಾಲ ಕೂದಲ ಹಂಗ ಸಾವಿರ ಎಳಿ ಒಡದು ಪೈಪ್ ತುಂಬ ಜಡಿ ಕಟ್ಟಿತ್ತು. ಅದಕ್ಕ ಅರಿವಿ ತುಂಡು, ಅಕ್ಕಿ, ಎಣ್ಣಿ ಜಿಡ್ಡು ಎಲ್ಲಾ ಹತ್ಕೊಂಡು ನೀರು ಹೋಗಾಕ ಎರಡು ಬೆರಳಿನಷ್ಟ ಸಂದಿ ಉಳದಿತ್ತು. ಬಿದಿರಿನ ಸೀಳು ತಿವಿದ್ರ ಆ ಜಡಿಗೆ ಒಂದು ತೂತು ಬೀಳತೈತಿ ಅಷ್ಟ, ಬೇರು ಅಲ್ಲೇ ಇರತೈತಿ.

ರೋಡಿನ ದೊಡ್ಡ ಲೈನು ಬಹಳ ಕಡೆ ಹ್ಯೂಮ್ ಪೈಪ್, ಅಂದ್ರ ಕಾಂಕ್ರೀಟ್ ಪೈಪ್. ಅದು ಕೆಡೋದು ಬ್ಯಾರೇ ರೀತಿ. ಹೊಲಸು ನೀರು ನಿಂತು ಕೊಳೆತಾಗ ಕೊಳೆತ ತತ್ತಿ ವಾಸನಿ ಬರೋ ಹೈಡ್ರೋಜನ್ ಸಲ್ಫೈಡ್ ಗ್ಯಾಸ್ ಏಳತೈತಿ, ಪೈಪಿನ ಮ್ಯಾಲಿನ ಒಳಗೋಡಿಗೆ ಹತ್ತಿ ಅಲ್ಲಿರೋ ಸೂಕ್ಷ್ಮ ಜೀವಿಗಳಿಂದ ಸಲ್ಫ್ಯೂರಿಕ್ ಆಸಿಡ್ ಆಗತೈತಿ, ಆ ಆಸಿಡ್ ಕಾಂಕ್ರೀಟನ್ನ ತಿಂತೈತಿ. ರೋಡ್ ಒಮ್ಮಿಂದೊಮ್ಮೆ ಕುಸಿದು ಗುಂಡಿ ಬೀಳೋದು ಎಷ್ಟೋ ಸಲ ಇದಕ್ಕ.

ಇದನ್ನ ಬರೀ ವಾಸನಿ ಸಮಸ್ಯೆ ಅಂತ ಬಿಡಬ್ಯಾಡ್ರಿ. ಒಬ್ಬ ಮನಷ್ಯಾಗ ದಿನಕ್ಕ 135 ಲೀಟರ್ ನೀರು, ಅದರಾಗ ಶೇ. 80 ಹೊಲಸು ನೀರಾಗಿ ವಾಪಸ್ ಬರತೈತಿ ಅನ್ನೋದು ಎಂಜಿನಿಯರ್‌ಗಳು ಹಿಡಿಯೋ ಲೆಕ್ಕ, ಅಂದ್ರ 108 ಲೀಟರ್. ಐದು ಮಂದಿ ಮನ್ಯಾಗ 540 ಲೀಟರ್. ಇದರಾಗ ಕಾಲು ಭಾಗ ಸೋರಿದ್ರ ದಿನಾ 135 ಲೀಟರ್ ಹೊಲಸು ನಿಮ್ಮ ಪಾಯದ ಬಾಜೂಕ ಇಂಗಾಕತ್ತೈತಿ ಅಂತಾತು. ಎರಿ ಮಣ್ಣಿನ್ಯಾಗ ಪಾಯ ಒಂದ ಕಡೆ ಹಸಿ ಒಂದ ಕಡೆ ಒಣ ಆದ್ರ ಗ್ವಾಡಿ ಸೀಳತೈತಿ. ಹಿತ್ತಲದಾಗ ಬೋರ್‌ವೆಲ್ ಇದ್ರ ಅದಕ್ಕೂ ಕೂಡತೈತಿ. ಎಲ್ಲಾಕ್ಕಿಂತ ಕೆಟ್ಟದ್ದು ಕುಡಿಯೋ ನೀರಿನ ಲೈನು. ನಮ್ಮಲ್ಲಿ ಎಷ್ಟೋ ಓಣಿಗೆ ನೀರು ಕೆಲವು ದಿನಕ್ಕೊಮ್ಮೆ ಬರತೈತಿ, ನೀರು ನಿಂತಾಗ ಆ ಲೈನ್ ಖಾಲಿಯಾಗಿ ಒಳಗ ಎಳ್ತ ಹುಟ್ಟತೈತಿ, ಬಾಜೂಕ ಒಡದ ಡ್ರೈನೇಜ್ ಪೈಪ್ ಇದ್ರ ಸಣ್ಣ ತೂತಿನಿಂದ ಆ ಹೊಲಸನ್ನ ಜಗ್ಗಿಕೊಂತೈತಿ. ಕಾಮಣಿ, ಟೈಫಾಯ್ಡ್, ಕಾಲರಾ ಹಬ್ಬೋದು ಹಿಂಗ. ಇನ್ನ ಒಳಚರಂಡಿ ಬಿಟ್ಟು ಗಟಾರಕ್ಕ ಹರದಿದ್ದು ನಾಲಾ ಸೇರತೈತಿ, ಹುಬ್ಬಳ್ಳಿ ನಾಲಾದ ನೀರು ಬಿಡನಾಳ, ಗಬ್ಬೂರ ಕಡೆ ರೈತರು ಪಂಪ್ ಹಚ್ಚಿ ಹೊಲಕ್ಕ ಎತ್ಕೋತಾ ಬಂದಾರ, ಅಲ್ಲಿಂದ ಕಾಯಿಪಲ್ಲೆ ಆಗಿ ನಮ್ಮ ಸಂತಿಗೇ ಬರತೈತಿ.

ಶುರು ಮಾಡೋಕ್ಕಿಂತ ಮೊದಲ: ಯಾರನ್ನೂ ಚೇಂಬರಿನ್ಯಾಗ ಇಳಿಸಬ್ಯಾಡ್ರಿ

ಇದು ಎಲ್ಲಾಕ್ಕಿಂತ ದೊಡ್ಡ ಎಚ್ಚರಿಕಿ. ಮ್ಯಾನ್‌ಹೋಲ್ ಇರಲಿ ಸೆಪ್ಟಿಕ್ ಟ್ಯಾಂಕ್ ಇರಲಿ, ಎರಡ ನಿಮಿಷದ ಕೆಲಸ ಅಂತ ಯಾರನ್ನೂ ಒಳಗ ಇಳಿಸಬ್ಯಾಡ್ರಿ. ನಾ ಮ್ಯಾಲ ಹೇಳಿದ ಗ್ಯಾಸ್ ಜಾಸ್ತಿ ಇದ್ದಾಗ ಮೂಗಿಗೆ ವಾಸನಿ ಹತ್ತೋದ ನಿಲ್ಲತೈತಿ, ಒಳಗಿದ್ದವರಿಗೆ ಗೊತ್ತಾಗೂದ್ರಾಗ ಪ್ರಜ್ಞಿ ತಪ್ಪತೈತಿ, ಎತ್ತಾಕ ಇಳದವರೂ ಉಳಿಯೋದಿಲ್ಲ. 2013ರ ಮ್ಯಾನ್ಯುಯಲ್ ಸ್ಕ್ಯಾವೆಂಜಿಂಗ್ ನಿಷೇಧ ಕಾಯ್ದೆ ಪ್ರಕಾರ ಸುರಕ್ಷತೆ ಇಲ್ಲದ ಇಳಿಸಿದವರಿಗೆ ಮೊದಲನೇ ಸಲಕ್ಕೇ ಎರಡು ವರ್ಷದ ತನಕ ಜೈಲು, ಎರಡು ಲಕ್ಷದ ತನಕ ದಂಡ, ಇಲ್ಲಾ ಎರಡೂ. ಸುಪ್ರೀಂ ಕೋರ್ಟ್ 2023ರಾಗ, ಹಿಂಗ ಸತ್ತವರ ಮನಿತನಕ್ಕ 30 ಲಕ್ಷ ಪರಿಹಾರ ಕೊಡಬೇಕು ಅಂತ ಹೇಳೈತಿ. ಹೊಲಸು ಹೀರೋ ಸಕ್ಕಿಂಗ್ ಮಷಿನ್, ಜೋರಾಗಿ ನೀರು ಹೊಡದು ಲೈನ್ ಬಿಡಿಸೋ ಜೆಟ್ಟಿಂಗ್ ಮಷಿನ್ ತರಸ್ರಿ. 14420 ಅನ್ನೋ ಸಹಾಯವಾಣಿ ಇದಕ್ಕಂತ ಐತಿ.

1. ರೋಗ ಎಲ್ಲೈತಿ ಅಂತ ಖಾತ್ರಿ ಮಾಡ್ಕೊಳ್ರಿ

ನಿಮ್ಮ ಮನಿ ಚೇಂಬರ್ ಮುಚ್ಚಳ ತಗೀರಿ, ಹತ್ತು ನಿಮಿಷ ಗಾಳಿ ಆಡಾಕ ಬಿಡ್ರಿ, ಬಗ್ಗಿ ಮುಖ ಇಡಬ್ಯಾಡ್ರಿ, ಬೀಡಿ ಕಡ್ಡಿ ಹತ್ರ ತರಬ್ಯಾಡ್ರಿ. ನಿಮ್ಮದು ತುಂಬಿ ರೋಡಿಂದು ಖಾಲಿ ಹರಿಯಾಕತ್ತಿದ್ರ ರೋಗ ನಿಮ್ಮ ಲೈನಿನ್ಯಾಗ. ಎರಡೂ ತುಂಬಿದ್ರ ರೋಡಿನ ಲೈನ್ ಕಟ್ಟೈತಿ, ಅದು ಮಹಾನಗರ ಪಾಲಿಕೆ ಕೆಲಸ, ನಿಮ್ಮ ರೊಕ್ಕ ಖರ್ಚು ಮಾಡಬ್ಯಾಡ್ರಿ, ದೂರು ಕೊಟ್ಟು ನಂಬರ್ ಇಸ್ಕೊಳ್ರಿ. ರೋಡಿನ ಮುಚ್ಚಳ ಮಾತ್ರ ನೀವ ಎಬ್ಬಿಸಬ್ಯಾಡ್ರಿ, ಪಾಲಿಕೆ ಮಂದಿ ಬಂದಾಗ ನೋಡ್ರಿ.

ಸೋರತೈತೋ ಇಲ್ಲೋ ನೋಡಾಕ: ಬಟ್ಟಿಗೆ ಹಾಕೋ ನೀಲಿ ಒಂದು ಬಕೆಟ್ ನೀರಿನ್ಯಾಗ ಕಲಸಿ ಸಂಡಾಸಕ್ಕ ಹಾಕ್ರಿ, ಹಿಂದ ಎರಡು ಬಕೆಟ್ ಬರೀ ನೀರು. ಚೇಂಬರಿನ್ಯಾಗ ಎಷ್ಟು ಹೊತ್ತಿಗೆ ಬಂತು, ಅರ್ಧಕ್ಕರ್ಧ ಬರಲಿಲ್ಲೋ ನೋಡ್ರಿ. ಬಚ್ಚಲದ್ದು, ಅಡಗಿ ಮನಿದು ಬ್ಯಾರೆ ಬ್ಯಾರೆ ಮಾಡಿ ನೋಡ್ರಿ, ಹಳೇ ಮನ್ಯಾಗ ಯಾವ ನೀರು ಎಲ್ಲಿಗೆ ಹೋಗತೈತಿ ಅಂತ ಕಟ್ಟಿಸಿದವರಿಗೂ ನೆನಪಿರೋದಿಲ್ಲ. ಪೈಪಿನ್ಯಾಗ ಬಿಡೋ ಕ್ಯಾಮೆರಾ ಇಟ್ಕೊಂಡಿರೋ ಪ್ಲಂಬರ್ ಸಿಕ್ರ ಇನ್ನೂ ಚಲೋ. ಒಂದ ಕಡೆ ಒಡದಿದ್ರ ಅಷ್ಟ ತಗದು ಹಾಕಿದ್ರ ಸಾಕು. ನಾಲ್ಕೈದು ಕಡೆ ಬೇರು, ಸೀಳು, ಕುಸಿತ ಕಂಡ್ರ ತ್ಯಾಪಿ ಹಾಕಬ್ಯಾಡ್ರಿ, ಪೂರ್ತಿ ಬದಲ್ ಮಾಡ್ರಿ.

2. ಪರವಾನಗಿ

ನಿಮ್ಮ ಕಂಪೌಂಡ್ ಒಳಗ ಅಗಿಯಾಕ ಯಾರನ್ನೂ ಕೇಳಬೇಕಾಗಿಲ್ಲ. ರೋಡ್ ಅಗಿಯೋದಿದ್ರ ಪಾಲಿಕೆ ವಲಯ ಕಚೇರಿಯಾಗ ಅರ್ಜಿ ಹಾಕಿ ಅನುಮತಿ ತಗೊಳ್ಳಾಕ ಬೇಕು, ತೆರಿಗಿ ತುಂಬಿದ ಪಾವತಿ ಜೋಡಿ ಒಯ್ರಿ. ರಾತ್ರೋರಾತ್ರಿ ಅಗದು ಮುಚ್ಚಿಬಿಡ್ತೀವಿ ಅನ್ನೋ ಮಂದಿ ಮಾತು ಕೇಳಬ್ಯಾಡ್ರಿ, ಒಬ್ಬರು ಕುಡಿಯೋ ನೀರಿನ ಪೈಪ್ ಒಡದ್ರ ಇಡೀ ಓಣಿ ಹೊಲಸು ನೀರು ಕುಡಿಬೇಕಾಗತೈತಿ. ಈಗ ಕೆಲವು ಓಣಿಗಳಾಗ ಮನಿ ಮನಿಗೆ ಗ್ಯಾಸ್ ಲೈನೂ ಬಂದೈತಿ, ಕರೆಂಟ್ ಕೇಬಲ್ ಐತಿ. ಎಲ್ಲಿ ಏನೈತಿ ಅಂತ ಕೇಳ್ಕೊಂಡ ಗುದ್ದಲಿ ಹಚ್ರಿ.

ಟೈಮ್ ಯಾವುದು ಅಂದ್ರ ಸಂಕ್ರಾಂತಿ ಮುಗದಮ್ಯಾಲ, ಮೃಗಶಿರಾ ಮಳಿ ಶುರುವಾಗೂದ್ರೊಳಗ. ಹಸಿ ಎರಿ ಮಣ್ಣು ಗುದ್ದಲಿಗೆ ಹತ್ತಿ ಬಿಡೋದಿಲ್ಲ, ತಗ್ಗಿನ ಬಾಜೂ ಕುಸಿತೈತಿ. ನಿಮ್ಮ ಓಣಿಗೆ ನೀರು ಬರೋ ಪಾಳಿ ನೋಡ್ಕೊಂಡು, ನೀರು ಬಂದು ಹೋದ ಮರುದಿನ ಕೆಲಸ ಹಿಡೀರಿ.

3. ಇಳಿಜಾರಿನ ಲೆಕ್ಕ

ಇಲ್ಲಿ ಸ್ವಲ್ಪ ತಡೀರಿ, ಎಲ್ಲಾ ಕೆಲಸ ಕೆಡೋದು ಇಲ್ಲೇ. ಕಣ್ಣಳತಿ ಮ್ಯಾಲ ಇಳಿಜಾರು ಕೊಡೋ ಗೌಂಡಿ ಎಷ್ಟ ಅನುಭವ ಇದ್ರೂ ಒಪ್ಪಬ್ಯಾಡ್ರಿ.

ನಾಲ್ಕು ಇಂಚಿನ ಪೈಪಿಗೆ ಕಮ್ಮಿ ಅಂದ್ರ 57ಕ್ಕ 1 ಇಳಿಜಾರು ಬೇಕು, ಅಂದ್ರ ಹತ್ತಡಿಗೆ ಎರಡು ಇಂಚಿಗಿಂತ ಸ್ವಲ್ಪ ಮ್ಯಾಲ. ಆರು ಇಂಚಿನ ಪೈಪಿಗೆ 100ಕ್ಕ 1, ಅಂದ್ರ ಹತ್ತಡಿಗೆ ಸುಮಾರು ಒಂದೂಕಾಲು ಇಂಚು. ಇಷ್ಟಿದ್ರ ನೀರು ಸೆಕೆಂಡಿಗೆ ಎರಡು ಅಡಿ ಓಡಿ ಗಟ್ಟಿ ಹೊಲಸನ್ನ ಎಳಕೊಂಡು ಹೋಗತೈತಿ.

ಅಳಿಯಾಕ ಟ್ಯೂಬ್ ಲೆವೆಲ್ ಸಾಕು, ಗೌಂಡಿ ಹತ್ರ ಇರತೈತಿ, ಅರ್ಧ ಇಂಚಿನ ಪಾರದರ್ಶಕ ನಳಿಗೆ. ನೀರು ತುಂಬ್ರಿ, ಒಳಗ ಒಂದೂ ಗುಳ್ಳಿ ಇರಬಾರದು, ಗುಳ್ಳಿ ಇದ್ರ ಅಳತಿ ಸುಳ್ಳು ಹೇಳತೈತಿ. ಒಂದು ತುದಿ ಮನಿ ಪೈಪ್ ಹೊರಗ ಬರೋ ಕಡೆ, ಇನ್ನೊಂದು ರೋಡಿನ ಚೇಂಬರ್ ಕಡೆ ಹಿಡಿಸ್ರಿ, ನೀರು ಅಲ್ಲಾಡೋದು ನಿಂತಮ್ಯಾಲ ಎರಡೂ ಕಡೆ ಗ್ವಾಡಿಗೆ ಪೆನ್ಸಿಲ್ ಗುರುತು ಹಾಕ್ರಿ. ಈ ಎರಡು ಗುರುತು ಒಂದ ಮಟ್ಟದಾಗ ಇರತಾವ. ಈಗ ಮನಿ ಕಡೆ ಗುರುತಿನಿಂದ ಪೈಪಿನ ತಳಕ್ಕ ಟೇಪ್ ಹಿಡೀರಿ, 1 ಅಡಿ 8 ಇಂಚು ಬಂತು ಅಂತ ತಿಳ್ಕೊಳ್ರಿ. ರೋಡಿನ ಕಡೆ ಗುರುತಿನಿಂದ ಪೈಪ್ ಕೂಡಿಸೋ ಜಾಗಕ್ಕ 2 ಅಡಿ 7 ಇಂಚು ಬಂತು. ನಡುವ 11 ಇಂಚು ಇಳಿಜಾರು ಸಿಕ್ತು. ಲೈನ್ 42 ಅಡಿ ಇದ್ರ 504 ಇಂಚು, 11ರಿಂದ ಭಾಗಿಸಿದ್ರ ಸುಮಾರು 46. ಅಂದ್ರ 46ಕ್ಕ 1, ನಾಲ್ಕು ಇಂಚಿನ ಪೈಪಿಗೆ ಚಲೋ ಆತು. ಅದ 42 ಅಡಿಗೆ 5 ಇಂಚ ಸಿಕ್ರ 100ಕ್ಕ 1, ಅಲ್ಲಿ ನಾಲ್ಕು ಇಂಚಿಂದು ಕಟ್ಕೊಳ್ಳೋದು ಖಾತ್ರಿ, ಆರು ಇಂಚಿಂದು ಹಾಕಬೇಕು.

ಹಂಗಂತ ಎಲ್ಲಾ ಕಡೆ ದೊಡ್ಡ ಪೈಪ್ ಹಾಕಿಬಿಡೋಣ ಅನ್ನಬ್ಯಾಡ್ರಿ. ನಾಲ್ಕು ಮಂದಿ ಇರೋ ಮನಿಗೆ ಆರು ಇಂಚಿಂದು ಹಾಕಿದ್ರ ನೀರು ತಳದಾಗ ತೆಳ್ಳಗ ಹರಡಿ ಗಟ್ಟಿದು ಹಿಂದ ಉಳಿತೈತಿ. ಇಳಿಜಾರು ಸಿಗಲಿಲ್ಲಂದ್ರ ಮಾತ್ರ ದೊಡ್ಡದು.

ರೋಡ್ ಮ್ಯಾಲ ಮ್ಯಾಲ ಡಾಂಬರ್ ಹಾಕಿ ಎತ್ತರ ಆಗಿ, ಮನಿ ತಗ್ಗಿನ್ಯಾಗ ಉಳದಿದ್ರ ಮಳ್ಯಾಗ ರೋಡಿನ ಹೊಲಸು ಮನಿಗೆ ವಾಪಸ್ ಬರತೈತಿ. ಅಂಥವರು ಕೊನೇ ಚೇಂಬರಿನ್ಯಾಗ ನಾನ್ ರಿಟರ್ನ್ ವಾಲ್ವ್ ಹಾಕಸ್ರಿ, ನೀರನ್ನ ಒಂದ ದಿಕ್ಕಿಗೆ ಬಿಡೋ ಬಾಗಿಲ ಅದು. ಆರು ತಿಂಗಳಿಗೊಮ್ಮೆ ತೊಳಿಬೇಕು, ಇಲ್ಲಾಂದ್ರ ಅರಿವಿ ತುಂಡು ಸಿಕ್ಕು ತೆರದ ಉಳಿತೈತಿ.

4. ಪೈಪ್ ಆರಿಸೋದು

ಅಂಗಡ್ಯಾಗ ಬೂದು ಬಣ್ಣದ ಎಸ್‌ಡಬ್ಲ್ಯೂಆರ್ ಪೈಪ್ ಕೊಡ್ತಾರ, ಅಂದ್ರ ಸಂಡಾಸ, ಬಚ್ಚಲ, ಮಳಿ ನೀರಿಗಂತ ಬರೋ ಪಿವಿಸಿ ಪೈಪ್. ಅದರಾಗ ಟೈಪ್ ಎ ಅಂದ್ರ ಮಳಿ ನೀರಿಗೆ, ಗಾಳಿ ಪೈಪಿಗೆ, ತೆಳ್ಳಗಿರತೈತಿ. ಟೈಪ್ ಬಿ ಸಂಡಾಸ, ಬಚ್ಚಲಕ್ಕ. ಎ ಸೋವಿ ಅಂತ ಅದನ್ನ ತಂದು ಮಣ್ಣಾಗ ಹುಗಿಯೋದು ನಾ ನೋಡಿದ ದೊಡ್ಡ ತಪ್ಪು, ಪೈಪ್ ಮ್ಯಾಲ ಬರದಿರತೈತಿ, ಓದಿ ತಗೊಳ್ರಿ. ಐಎಸ್ 13592 ಅಂತ ಗುರುತು ಇರಬೇಕು. ಗಾಡಿ ಓಡಾಡೋ ಜಾಗದಾಗ ಹುಗಿಯೋದಿದ್ರ ಅದಕ್ಕಂತ ಬರೋ ಐಎಸ್ 15328 ಪೈಪ್ ಕೇಳ್ರಿ, ಅದರಾಗ ಎಸ್‌ಎನ್ 2, 4, 8 ಅಂತ ಬಿಗಿತನದ ದರ್ಜೆ ಅದಾವ, ಅಂಕಿ ದೊಡ್ಡದಾದಷ್ಟು ಭಾರ ತಡಿತೈತಿ. ಓಣಿ ಲೈನಿಗೆ ಈಗ ಡಿಡಬ್ಲ್ಯೂಸಿ ಪೈಪೂ ಬರತಾವ, ಒಳಗ ನುಣುಪು ಹೊರಗ ಅಲಿ ಅಲಿ ಇರೋ ಪ್ಲಾಸ್ಟಿಕ್ ಪೈಪು, ಆ ಗ್ಯಾಸಿಗೆ ತುಕ್ಕು ಹಿಡಿಯೋದಿಲ್ಲ.

ಫಿಟ್ಟಿಂಗ್ಸ್ ತರಬೇಕಾದ್ರ 90 ಡಿಗ್ರಿ ಬೆಂಡ್ ಬ್ಯಾಡ, 45ರವು ಎರಡು ತರ್ರಿ. ಟೀ ಬದಲಿ ವೈ ಜಂಕ್ಷನ್.

5. ಅಗಿಯೋದು

ಸಣ್ಣ ಓಣ್ಯಾಗ ಜೆಸಿಬಿ ಬ್ಯಾಡ, ಕೈಲೆ ಅಗಿಸ್ರಿ. ಅಗಲ ಎರಡು ಅಡಿ ಇದ್ರ ಕೂತು ಜಾಯಿಂಟ್ ಮಾಡಾಕ ಬರತೈತಿ. ತಗದ ಮಣ್ಣು ತಗ್ಗಿನ ದಂಡಿಗೆ ಸುರಿಬ್ಯಾಡ್ರಿ, ಮೂರ್ನಾಲ್ಕು ಅಡಿ ದೂರ ಹಾಕ್ರಿ, ಆ ಭಾರಕ್ಕ ದಂಡಿ ಒಳಗ ಬೀಳತೈತಿ. ಐದು ಅಡಿಗಿಂತ ಆಳ ಹೋದ್ರ ಹಲಗಿ ಕೊಟ್ಟು ಅಡ್ಡ ಕಟ್ಟಿಗಿ ಬಿಗಿಸದ ಯಾರನ್ನೂ ಒಳಗ ನಿಲ್ಲಿಸಬ್ಯಾಡ್ರಿ. ರಾತ್ರಿ ಸುತ್ತ ಹಗ್ಗ ಕಟ್ಟಿ ದೀಪ ಹಚ್ರಿ, ಹುಡುಗರು ಮುದುಕರು ಓಡಾಡೋ ಓಣಿ ಅದು. ಹಳೇ ಆಸ್ಬೆಸ್ಟಾಸ್ ಪೈಪ್ ಸಿಕ್ರ ಗ್ರೈಂಡರ್ ಹಚ್ಚಬ್ಯಾಡ್ರಿ, ಆ ಧೂಳು ಪುಪ್ಪಸಕ್ಕ ಕೆಟ್ಟದ್ದು, ನೀರು ಹೊಡದು ತುಂಡು ಮಾಡದ ಎತ್ತಿ ಇಡಸ್ರಿ.

ಕುಡಿಯೋ ನೀರಿನ ಲೈನಿಗೂ ಇದಕ್ಕೂ ಹತ್ತು ಅಡಿ ಅಂತರ ಇರಬೇಕು ಅನ್ನೋದು ನಿಯಮ. ನಮ್ಮ ಓಣಿಗಳಾಗ ಅಷ್ಟು ಜಾಗ ಎಲ್ಲಿಂದ ಬರಬೇಕು, ಅದಕ್ಕ ಕಮ್ಮಿ ಅಂದ್ರ ನೀರಿನ ಪೈಪು ಹೊಲಸು ಪೈಪಿಗಿಂತ ಒಂದೂವರಿ ಎರಡು ಅಡಿ ಮ್ಯಾಲ ಇರೋ ಹಂಗ ನೋಡ್ಕೊಳ್ರಿ. ನೀರಿನ ಪೈಪ್ ಚೇಂಬರ್ ಒಳಗ ಹಾದು ಹೋಗಿದ್ರ ಇವತ್ತ ಹೊರಗ ತಗಸ್ರಿ. ಇದಕ್ಕ ರಿಯಾಯಿತಿ ಇಲ್ಲ.

6. ಹಾಸು ಮತ್ತ ಜಾಯಿಂಟ್

ತಳಕ್ಕ ಎರಿ ಮಣ್ಣಿನ ಮ್ಯಾಲ ಪೈಪ್ ಇಡಬ್ಯಾಡ್ರಿ. ನಾಲ್ಕು ಇಂಚು ಉಸುಕು, ಇಲ್ಲಾ ಕಲ್ಲು ಆರಿಸಿದ ಸಣ್ಣ ಗರಸು ಹಾಸಿ, ನೀರು ಹೊಡದು ಬಡದು, ದಾರ ಕಟ್ಟಿ ಇಳಿಜಾರು ಸರಿ ಮಾಡ್ರಿ. ಇಟ್ಟಂಗಿ ತುಂಡು ಕೊಟ್ಟು ಪೈಪ್ ಎತ್ತಿ ನಿಲ್ಲಿಸೋದು ಬಹಳ ಮಂದಿ ಮಾಡೋದು, ಅದನ್ನ ಬಿಡಸ್ರಿ, ಭಾರ ಬಿದ್ದಾಗ ಪೈಪ್ ಆ ಇಟ್ಟಂಗಿ ಮ್ಯಾಲ ಮುರಿತೈತಿ.

ಕೆಳಗಿನ ತುದಿಯಿಂದ ಶುರು ಮಾಡಿ ಮ್ಯಾಲಕ್ಕ ಬರ್ರಿ, ಪೈಪಿನ ಅಗಲ ಬಾಯಿ ಮನಿ ಕಡೆ ಮುಖ ಮಾಡಿರಬೇಕು. ಎರಿ ಭೂಮ್ಯಾಗ ಪೇಸ್ಟ್ ಹಚ್ಚಿ ಅಂಟಿಸೋದಕ್ಕಿಂತ ರಬ್ಬರ್ ರಿಂಗಿನ ಜಾಯಿಂಟ್ ಚಲೋ, ಭೂಮಿ ಅಲ್ಲಾಡಿದ್ರ ಅದೂ ಸ್ವಲ್ಪ ಬಳುಕತೈತಿ. ತುದಿ ಓರೆ ಮಾಡಿ, ರಿಂಗಿಗೆ ಸಬಕಾರದ ನೀರು ಹಚ್ಚಿ ಪೂರ್ತಿ ಒತ್ರಿ, ಪೆನ್ಸಿಲ್ ಗುರುತು ಹಾಕಿ ಮತ್ತ 10 ಮಿಲಿಮೀಟರ್ ಹೊರಗ ಎಳೀರಿ. ಬಿಸಲಿಗೆ ಪೈಪ್ ಉದ್ದ ಆದ್ರ ಜಾಗ ಬೇಕಲ್ಲ, ಅದಕ್ಕ. ಎಣ್ಣಿ, ಗ್ರೀಸ್ ಹಚ್ಚಿದ್ರ ರಬ್ಬರ್ ಕೊಳಿತೈತಿ.

7. ಚೇಂಬರ್

ತಿರುವು ಇದ್ದಲ್ಲಿ, ಎರಡು ಲೈನ್ ಕೂಡೋ ಕಡೆ ಒಂದೊಂದು ಚೇಂಬರ್ ಬೇಕು. ತಳ ಸಪಾಟ ಬಿಡಬ್ಯಾಡ್ರಿ, ನಡುವ ಅರ್ಧ ಪೈಪಿನ ಆಕಾರದ ಕಾಲುವಿ ಮಾಡಿ ಎರಡೂ ಬಾಜೂ ಅದರ ಕಡೆ ಇಳಿಜಾರು ಮಾಡಿ ಗಿಲಾವ ಮಾಡಸ್ರಿ, ಇಲ್ಲಾಂದ್ರ ಹೊಲಸು ಮೂಲ್ಯಾಗ ಕೂಡತೈತಿ, ಜೊಂಡಿಗ ಆಗತಾವ. ಬಚ್ಚಲ ಮತ್ತ ಅಡಗಿ ಮನಿ ನೀರು ಗಲ್ಲಿ ಟ್ರ್ಯಾಪ್ ದಾಟಿ ಬರಬೇಕು, ಅದರಾಗ ನಿಂತ ನೀರು ಗ್ಯಾಸು ಮನಿಗೆ ಬರದಂಗ ತಡಿತೈತಿ. ಗಾಳಿ ಪೈಪ್ ಮಾಳಿಗಿ ಮ್ಯಾಲ ತನಕ ಒಯ್ರಿ.

ಹಳೇ ಸೆಪ್ಟಿಕ್ ಟ್ಯಾಂಕ್ ಇದ್ರ ಮಷಿನ್‌ಲೆ ಖಾಲಿ ಮಾಡಿಸಿ, ಗರಸು ತುಂಬಿ ಮುಚ್ರಿ. ಬರೀ ಫರ್ಸಿ ಮುಚ್ಚಿ ಬಿಟ್ರ ಮುಂದೊಂದು ದಿನ ಯಾರೋ ಒಳಗ ಬೀಳ್ತಾರ.

8. ಮುಚ್ಚೋಕ್ಕಿಂತ ಮೊದಲ ಪರೀಕ್ಷೆ

ಕೆಳಗಿನ ತುದಿಗೆ ಬೂಚು ಬಡದು ಮ್ಯಾಲಿನ ಚೇಂಬರಿನಿಂದ ನೀರು ತುಂಬ್ರಿ, ಗುರುತು ಹಾಕಿ ಅರ್ಧ ತಾಸು ಬಿಡ್ರಿ. ನೀರು ಇಳದ್ರ ಯಾವ ಜಾಯಿಂಟ್ ಹಸಿ ಆಗೈತಿ ನೋಡಿ ಬಿಚ್ಚಿ ಮತ್ತ ಮಾಡಸ್ರಿ. ಆಮ್ಯಾಲ ಒಂದು ತುದಿಗೆ ಟಾರ್ಚ್ ಹಿಡದು ಇನ್ನೊಂದು ತುದಿಗೆ ಕನ್ನಡಿ ಇಟ್ಟು ನೋಡ್ರಿ, ಪೂರ್ಣ ದುಂಡಗ ಬೆಳಕು ಕಂಡ್ರ ಲೈನ್ ನೆಟ್ಟಗೈತಿ, ಅರ್ಧ ಚಂದ್ರ ಕಂಡ್ರ ನಡುವ ಎಲ್ಲೋ ಕುಂತೈತಿ. ಗೌಂಡಿ ಅವಸರ ಮಾಡ್ತಾನ, ಕೊನೇ ಕಂತಿನ ರೊಕ್ಕ ಈ ಪರೀಕ್ಷೆ ಆದಮ್ಯಾಲ ಅಂತ ಮೊದಲ ಮಾತಾಡಿ ಇಟ್ಕೊಳ್ರಿ.

9. ಮುಚ್ಚೋದು

ಪೈಪಿನ ಎರಡೂ ಬಾಜೂಕ, ಮ್ಯಾಲ ಒಂದು ಅಡಿ ತನಕ ಉಸುಕು ಇಲ್ಲಾ ಗರಸು, ಆಮ್ಯಾಲ ಬೇಕಾದ್ರ ತಗದ ಮಣ್ಣು, ಅರ್ಧರ್ಧ ಅಡಿ ಹಾಕಿ ಬಡಕೋತ ಬರ್ರಿ. ಪೈಪಿನ ನೆತ್ತಿ ಮ್ಯಾಲ ನೇರ ಬಡಿಬ್ಯಾಡ್ರಿ. ಮುಚ್ಚೋಕ್ಕಿಂತ ಮೊದಲ ಫೋಟೋ ತಗೊಂಡು, ಗ್ವಾಡಿಯಿಂದ ಎಷ್ಟು ಅಡಿ ದೂರ, ಎಷ್ಟು ಆಳ ಅಂತ ಒಂದು ಹಾಳಿಗೆ ಬರದು ಮನಿ ಕಾಗದಪತ್ರದ ಜೋಡಿ ಇಡ್ರಿ.

ಲೈನ್ ಆದಮ್ಯಾಲ ಎರಡು ತಪ್ಪು ಮಾಡಬ್ಯಾಡ್ರಿ. ಮಾಳಿಗಿ ಮಳಿ ನೀರನ್ನ ಇದಕ್ಕ ಕೂಡಿಸಬ್ಯಾಡ್ರಿ, ಒಳಚರಂಡಿ ಮಳಿ ನೀರಿನ ಲೆಕ್ಕ ಹಿಡದು ಮಾಡಿದ್ದಲ್ಲ, ಹತ್ತು ಮನಿ ಹಿಂಗ ಮಾಡಿದ್ರ ಮಳಿ ಬಂದಾಗ ತಗ್ಗಿನ ಮನಿಯವರ ಸಂಡಾಸದಾಗ ಹೊಲಸು ಉಕ್ಕತೈತಿ. ಇನ್ನೊಂದು ಎಣ್ಣಿ. ಮಿರ್ಚಿ ಭಜಿ ಕರದ ಎಣ್ಣಿ ಬಿಸಿ ಇದ್ದಾಗ ನೀರಿನಂಗ ಹೋಗತೈತಿ, ಪೈಪಿನ್ಯಾಗ ಆರಿ ಮೇಣ ಆಗತೈತಿ. ಗಿರ್ಮಿಟ್ ಅಂಗಡಿ, ಖಾನಾವಳಿ ನಡಸೋರು ಸಿಂಕ್ ಕೆಳಗ ಗ್ರೀಸ್ ಟ್ರ್ಯಾಪ್ ಇಡ್ರಿ, ಎಣ್ಣಿ ಮ್ಯಾಲ ತೇಲಿ ನಿಲ್ಲೋ ಡಬ್ಬಿ ಅದು, ವಾರಕ್ಕೊಮ್ಮೆ ತಗದು ಕಸಕ್ಕ ಹಾಕ್ರಿ.

ಓಣಿ ಲೈನೇ ಬದಲ್ ಆಗಾಕತ್ತಿದ್ರ

ಪಾಲಿಕೆಯಿಂದ ನಿಮ್ಮ ಓಣಿ ಲೈನ್ ಹೊಸಾದು ಬರಾಕತ್ತಿದ್ರ ಸುಮ್ನ ನೋಡ್ಕೋತ ನಿಲ್ಲಬ್ಯಾಡ್ರಿ. 24 ತಾಸು ನೀರಿನ ಯೋಜನೆ ಬಂದಂಗ ಹೊಲಸು ನೀರೂ ಹೆಚ್ಚಾಗತೈತಿ, ಹಳೇ ಅಳತಿ ಪೈಪ್ ಸಾಲತೈತೋ ಇಲ್ಲೋ ಅಂತ ಎಂಜಿನಿಯರ್‌ನ ಕೇಳ್ರಿ. ಚೇಂಬರ್ 30 ಮೀಟರಿಗೊಂದರಂತೆ ಇರತಾವೇನು, ಪೈಪ್ ಕೆಳಗ ಹಾಸು ಹಾಕಾಕತ್ತಾರೇನು, ಮುಚ್ಚೋಕ್ಕಿಂತ ಮೊದಲ ನೀರಿನ ಪರೀಕ್ಷೆ ಆತೇನು, ಇವನ್ನ ಕೇಳೋ ಹಕ್ಕು ನಿಮಗೈತಿ. ರೋಡ್ ಪೂರ್ತಿ ಅಗಿಯದ ಹಳೇ ಪೈಪಿನ ಒಳಗ ರಾಳದ ಬಟ್ಟಿ ಹಾಕಿ ಗಟ್ಟಿ ಮಾಡೋ ಪದ್ಧತಿ ಐತಿ, ಹಳೇ ಪೈಪ್ ಒಡಕೋತ ಹೊಸಾದನ್ನ ಎಳಿಯೋ ಪದ್ಧತಿನೂ ಐತಿ, ಬಜಾರದಂಥ ಗದ್ದಲದ ಜಾಗಕ್ಕ ಚಲೋ, ಆದ್ರ ಹಳೇ ಲೈನಿನ ಇಳಿಜಾರ ತಪ್ಪಿದ್ರ ಇವು ಅದನ್ನ ಸರಿ ಮಾಡೋದಿಲ್ಲ, ಅಲ್ಲಿ ಅಗಿಯಾಕ ಬೇಕು. ಹೊಸಾ ಲೈನ್ ಹಾಕೋವಾಗಲೇ ನಿಮ್ಮ ಮನಿ ಕನೆಕ್ಷನ್ನಿನ ಬಾಯಿ ಯಾವ ಮಟ್ಟಕ್ಕ ಬಿಡಬೇಕು ಅಂತ ಟ್ಯೂಬ್ ಲೆವೆಲ್ ಹಿಡದು ಹೇಳಿ ಬಿಡಿಸ್ಕೊಳ್ರಿ, ಡಾಂಬರ್ ಬಿದ್ದಮ್ಯಾಲ ಕೇಳಿದ್ರ ಮತ್ತ ರೋಡ್ ಅಗಿಯೋ ಅರ್ಜಿಯಿಂದ ಶುರು ಆಗತೈತಿ.